ನಾಲ್ಕು ಸಾಧಾರಣ ಉತ್ತರಪತ್ರಿಕೆಗಳು

ಆ ಮಧ್ಯಾಹ್ನವನ್ನು ನೆನೆದರೆ ನನಗೆ ಈಗಲೂ ಎದೆ ಡವಗುಟ್ಟುತ್ತದೆ. ಹಾಗಾಗಿ ಕಂಡದ್ದನ್ನು ಕಂಡಷ್ಟೇ, ನಿಧಾನವಾಗಿ ಬರೆಯುತ್ತೇನೆ.

ನಾನು ಹೊಳಲ್ಕೆರೆಯ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಪದವಿಯ ಒಂದೊಂದು ವರ್ಷಕ್ಕೂ ದೇಶಕ್ಕೆಲ್ಲ ಒಂದೇ ಹಂತ, ಒಂದೇ ಅಳತೆ ಎಂಬ ವ್ಯವಸ್ಥೆ ಬಂದಾಗ ನಾಲ್ಕು ಊರಿನ ಕಾಲೇಜುಗಳಿಂದ ಒಬ್ಬೊಬ್ಬ ಮೇಷ್ಟ್ರನ್ನು ಚಿತ್ರದುರ್ಗದಲ್ಲಿ ಕೂರಿಸಿದರು. ಮೂರು ವರ್ಷ ಮುಗಿಸಿದವರದು ಐದೂವರೆಯ ಹಂತ. ಆ ಹಂತದವರಿಗೆ ಏನೇನು ಬರಬೇಕು ಎಂದು ಅಚ್ಚು ಹಾಕಿದ ಹಾಳೆ ಮೊದಲೇ ಕೈಸೇರಿತ್ತು. ನಾವು ಪ್ರತಿಯೊಬ್ಬರೂ ನಮ್ಮ ಮೂರನೇ ವರ್ಷದ ತರಗತಿಯ ಒಬ್ಬ ಸಾಧಾರಣ ವಿದ್ಯಾರ್ಥಿಯ ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ಹೆಸರು ಮುಚ್ಚಿ ತರಬೇಕು. ನಾಲ್ಕನ್ನೂ ನಾಲ್ವರೂ ಓದಿ, ಸಾಧಾರಣ ಎಂದರೆ ಎಷ್ಟು ಎಂದು ಒಪ್ಪಬೇಕು. ಒಪ್ಪಿದ ಅಂಕವೇ ಆ ನಾಲ್ವರು ವಿದ್ಯಾರ್ಥಿಗಳ ಕೊನೆಯ ಅಂಕ.

ನಾನು ನಲವತ್ತೊಂದು ಪತ್ರಿಕೆಗಳನ್ನು ಅಂಕದ ಪ್ರಕಾರ ಜೋಡಿಸಿ ಇಪ್ಪತ್ತೊಂದನೆಯದನ್ನು ಎತ್ತಿದೆ. ಅದು ಕುರಿ ಸಾಕುವ ಮನೆಯ, ಎರಡು ಬಸ್ಸು ಬದಲಿಸಿ ಬರುವ ಹುಡುಗಿಯದು. ನಾನು ಕೊಟ್ಟಿದ್ದು ನಲವತ್ತಕ್ಕೆ ಇಪ್ಪತ್ತನಾಲ್ಕು. ಅವಳು ಬಿ.ಎಡ್. ಸೇರಲು ಬೇಕಾದ ಶೇಕಡಾವಾರು ಮುಟ್ಟಬೇಕಾದರೆ ಈ ಪತ್ರಿಕೆಯಲ್ಲಿ ಬೇಕಿದ್ದದ್ದೂ ಅಷ್ಟೇ. ಅಂಕ ಕೊಟ್ಟ ಮೇಲೆ ಈ ಲೆಕ್ಕ ಹಾಕಿದ್ದು, ಮೊದಲಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ.

"ನಂದೇ ಯಾಕ್ ಸಾರ್?" ಎಂದಳು.

"ನೀನು ಸರಿಯಾಗಿ ನಡುವೆ ಇದ್ದೀಯಮ್ಮ."

"ನಡುವೆ ಇರೋದೂ ತಪ್ಪಾ ಸಾರ್?"

ಚಿತ್ರದುರ್ಗದ ಹಿರಿಯ ಮೇಷ್ಟ್ರು ಅಧ್ಯಕ್ಷರು. ಹಿರಿಯೂರಿನ ಮೇಡಂ ಹೆದ್ದಾರಿ ಬಸ್ಸಿನಿಂದ ಇಳಿದು ಬಿಸಿಲಲ್ಲೇ ನಡೆದುಬಂದಿದ್ದರು. ಹೊಸದುರ್ಗದವರು ಕೂರುವ ಮೊದಲೇ ಶುರುಮಾಡಿದರು. "ಐದೂವರೆ ಅಂದ್ರೆ ಏನ್ರಿ? ಅರ್ಧ ಮೆಟ್ಟಿಲ ಮೇಲೆ ಹುಡುಗ್ರು ಹೆಂಗ್ ನಿಂತ್ಕಂತಾರೆ?"

"ಒಂಟಿಕಾಲಾಗೆ. ಕುಂತ್ಕಳ್ರಿ, ಓದಾಣ," ಎಂದರು ಅಧ್ಯಕ್ಷರು.

ಮೊದಲ ಮೂರು ಪತ್ರಿಕೆಗಳನ್ನು ಓದುತ್ತ ನಾನು ಕುಗ್ಗಿಹೋದೆ. ನೇರವಾದ ಅಂಚುಗೆರೆ, ಹಸಿರು ಶಾಯಿಯ ಉಪಶೀರ್ಷಿಕೆ, ದಾರ ಕಟ್ಟಿದ ಹೆಚ್ಚುವರಿ ಹಾಳೆಗಳು, ಪುಸ್ತಕದಿಂದ ಒಂದಕ್ಷರ ಆಚೀಚೆ ಆಗದ ವ್ಯಾಖ್ಯೆಗಳು. ಇವು ಸಾಧಾರಣವಾದರೆ ನಾನು ಇಷ್ಟು ವರ್ಷ ಪಾಠ ಮಾಡಿದ್ದು ಏನನ್ನು ಎಂದುಕೊಂಡೆ. ಮೂರಕ್ಕೂ ಮೂವತ್ತೆಂಟರ ಮೇಲೆಯೇ ಬಿತ್ತು. ಸಾಧಾರಣ ಎಂದರೆ ಮೂವತ್ತೆಂಟು ಎಂದು ಅಧ್ಯಕ್ಷರು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು.

ನಾಲ್ಕನೆಯದು ನನ್ನ ಹುಡುಗಿಯದು. ಗ್ರಾಮಸಭೆ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆಗೆ ಅವಳು ಬರೆದದ್ದನ್ನು ಹೊಸದುರ್ಗದವರು ಗಟ್ಟಿಯಾಗಿ ಓದಿದರು: "ನಮ್ಮೂರಿನ ಗ್ರಾಮಸಭೆಗೆ ಮನೆ ಮಂಜೂರಾಗಬೇಕಾದವರು ಎಲ್ಲರಿಗಿಂತ ಮೊದಲು ಬರುತ್ತಾರೆ. ಮಂಜೂರಾದವರು ಬರುವುದಿಲ್ಲ. ಜನ ಸಾಲದಿದ್ದರೆ ಹಾಜರಿ ಪುಸ್ತಕವೇ ಮನೆಮನೆಗೆ ಬರುತ್ತದೆ. ನಮ್ಮ ಅಜ್ಜಿ ಸಭೆಗೆ ಹೋಗದೆ ಮೂರು ವರ್ಷದಿಂದ ಹಾಜರಿದ್ದಾಳೆ."

ಮೇಡಂ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಹನ್ನೆರಡು ಕೊಟ್ಟರು. ಹೊಸದುರ್ಗದವರು ಹನ್ನೊಂದು, ಅಧ್ಯಕ್ಷರು ಹದಿಮೂರು. ಆ ಹುಡುಗಿಯ ಬಿ.ಎಡ್. ನನ್ನ ಕಣ್ಣೆದುರೇ ಹೋಗುತ್ತಿತ್ತು, ಅದೂ ನಾನೇ ಹೊತ್ತು ತಂದ ಹಾಳೆಯಿಂದ.

ಏನೂ ತೋಚದೆ ಹೊಸದುರ್ಗದ ಪತ್ರಿಕೆಯನ್ನು ಮತ್ತೆ ಕೈಗೆತ್ತಿಕೊಂಡೆ. ಕಿಟಕಿಯ ಬೆಳಕು ಹಾಳೆಯ ಮೂಲೆಯಲ್ಲಿ ಚುಕ್ಕೆಯಾಗಿ ತೂರಿಬಂತು. ನಾಲ್ಕು ಮೂಲೆಗೂ ಒಂದೊಂದು ಸಣ್ಣ ತೂತು. ನಮ್ಮ ಕಡೆಯ ಕಾಲೇಜುಗಳಲ್ಲಿ, ಎಲ್ಲರೂ ನೋಡಿ ಕಲಿಯಲೆಂದು, ಮೊದಲು ಬಂದವರ ಉತ್ತರಪತ್ರಿಕೆಯನ್ನು ಮಾತ್ರ ನೋಟಿಸ್ ಬೋರ್ಡಿಗೆ ಗುಂಡುಸೂಜಿಯಲ್ಲಿ ಚುಚ್ಚಿಡುವ ರೂಢಿ.

"ಸಾರ್, ಇದ್ರಾಗೆ ಗುಂಡುಸೂಜಿ ತೂತು ಅವೆ," ಎಂದೆ.

"ಇಲಿ ಕಡ್ದಿರಬೇಕು ಬಿಡ್ರಿ," ಎಂದರು ಹೊಸದುರ್ಗದವರು.

"ಅಳತೆ ಹಿಡಿದು ಮೂಲೆಮೂಲೆ ಕಡಿಯೋ ಇಲಿ ನಿಮ್ ಕಾಲೇಜಾಗೆ ಐತೇನ್ರಿ?" ಮೇಡಂ ನಕ್ಕರು.

ಅಧ್ಯಕ್ಷರು ಮೇಡಂ ತಂದ ಪತ್ರಿಕೆಯನ್ನು ಬೆಳಕಿಗೆ ಹಿಡಿದರು. "ಅದೇ ಇಲಿ ಹಿರಿಯೂರಿಗೂ ಬಸ್ ಹತ್ತಿ ಬಂದೈತೆ, ಮೇಡಂ."

ಮೇಡಂ ಕೈ ಚಾಚಿ ಅಧ್ಯಕ್ಷರ ಪತ್ರಿಕೆಯನ್ನೇ ಎತ್ತಿದರು. ಅದರಲ್ಲಿ ಮೂಲೆಗೆ ಎರಡೆರಡು ತೂತು. ಎರಡು ಸಲ ಚುಚ್ಚಿದ್ದರೋ ಏನೋ.

"ನೀವು ಒಳ್ಳೇದೇ ತರ್ತೀರಿ ಅಂತ ನಾನೂ ತಂದೆ," ಎಂದರು ಮೇಡಂ.

"ನೀವಿಬ್ರೂ ತರ್ತೀರಿ ಅಂತ ನಾನು," ಎಂದರು ಹೊಸದುರ್ಗದವರು. ಆಮೇಲೆ ನನ್ನ ಕಡೆ ತಿರುಗಿ, "ಇವರೊಬ್ರನ್ನ ನೋಡ್ರಿ, ಹೇಳಿದ್ದನ್ನೇ ಮಾಡ್ಕಂಡ್ ಬಂದವ್ರೆ!" ಎಂದು ಬೈದರು.

ಅಧ್ಯಕ್ಷರು ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಉಜ್ಜಿ ಅಳಿಸಿದರು. ಅಚ್ಚಿನ ಹಾಳೆಯನ್ನು, ನನಗನ್ನಿಸಿದಂತೆ ಅಂದೇ ಮೊದಲ ಸಲ, ಪೂರ್ತಿ ಓದಿದರು. ಕಲಿತದ್ದನ್ನು ತನ್ನ ಸುತ್ತಲಿನ ಬದುಕಿಗೆ ಹಚ್ಚಿ ನೋಡಬಲ್ಲವರಾಗಿರಬೇಕು ಎಂದಿತ್ತು. ಆ ಮೂರು ಪತ್ರಿಕೆಗಳಲ್ಲಿ ಸುತ್ತಲಿನ ಬದುಕು ಹುಡುಕಿದರೂ ಸಿಗಲಿಲ್ಲ. ಒಂದರಲ್ಲಂತೂ ಊರು ಎಂಬ ಶಬ್ದವೇ ಇರಲಿಲ್ಲ.

ತಪ್ಪು ಮಾಡಿದವರ ಉದಾರತನ ಭಾರೀ. ಹೊಸದುರ್ಗದವರು ಒಮ್ಮೆಗೇ ಹನ್ನೊಂದರಿಂದ ಮೂವತ್ತೈದಕ್ಕೆ ಹಾರಿದರು. ನಾನು ಅಡ್ಡಬಂದೆ. ಗ್ರಾಮಸಭೆಯ ಅಧಿಕಾರಗಳನ್ನು ಅವಳು ಬರೆದಿಲ್ಲ. ಅದಕ್ಕಿಂತ ಮೊದಲು ನಡೆಯಬೇಕಾದ ವಾರ್ಡ್ ಸಭೆಯ ಸುದ್ದಿಯೇ ಇಲ್ಲ. ಅದಕ್ಕೆ ಐದಂಕ ಹೋಗಲೇಬೇಕು ಎಂದೆ.

"ನೀವೇನ್ ಆ ಮಗೂಗೆ ಮೇಷ್ಟ್ರೋ, ಶತ್ರುನೋ?" ಎಂದರು ಮೇಡಂ.

ಸಂಜೆಯ ಬಸ್ಸಿನ ಹೊತ್ತಿಗೆ ಇಪ್ಪತ್ತೈದಕ್ಕೆ ಒಪ್ಪಿದೆವು. ಉಳಿದ ಮೂವರು ಕಂತೆಯ ನಡುವಿನ ಪತ್ರಿಕೆ ತರಲು ಇನ್ನೊಂದು ದಿನ ಗೊತ್ತುಮಾಡಿಕೊಂಡರು. ಇಪ್ಪತ್ತೈದರ ಎದುರು ಮೊದಲು ಸಹಿ ಹಾಕಿದವನು ನಾನು.

ಮಾರನೆಯ ದಿನ ಹುಡುಗಿಗೆ ಹೇಳಿದೆ. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ.

"ಹದಿನೈದು ಯಾಕ್ ಹೋತು ಸಾರ್?" ಎಂದಳು.

ಪತ್ರಿಕೆ ತೆರೆದು ಒಂದೊಂದಾಗಿ ತೋರಿಸಿದೆ. ಹತ್ತಕ್ಕೆ ತಲೆಯಾಡಿಸಿದಳು. "ಇಲ್ಲಿ ಐದು, ವಾರ್ಡ್ ಸಭೆ ಬರೆದಿಲ್ಲ," ಎಂದೆ.

"ನಮ್ಮೂರಾಗೆ ಅದು ಆಗೇ ಇಲ್ಲ ಸಾರ್. ಆಗ್ದೇ ಇರೋದನ್ನ ಹೆಂಗ್ ಬರೀಲಿ?"

ಅಚ್ಚಿನ ಹಾಳೆಯಲ್ಲಿ ಇದಕ್ಕೆ ಉತ್ತರ ಇದೆಯೇ ಎಂದು ಎರಡೂ ಮಗ್ಗುಲು ನೋಡಿದೆ. ಅವಳು ಕಾದಳು, ಆಮೇಲೆ ಹೋಗಲಿ ಪಾಪ ಎನ್ನುವವಳಂತೆ ಬಿ.ಎಡ್. ಅರ್ಜಿಯನ್ನು ಮುಂದಿಟ್ಟಳು. ಸಹಿ ಹಾಕಿ ಮೊಹರು ಒತ್ತಿಕೊಟ್ಟೆ. ಅವಳು ಬಸ್ಸಿಗೆ ಓಡಿದ ಮೇಲೆ ಒಂದು ಯೋಚನೆ ಹತ್ತಿತು: ಇವಳು ಮೇಷ್ಟ್ರಾಗಿ ತಯಾರುಮಾಡುವ ಮಕ್ಕಳು ಮುಂದೆ ಪದವಿಗೆ ಬರುವುದು ನನ್ನ ಕಾಲೇಜಿಗೇ. ನನ್ನ ನಿವೃತ್ತಿಗೆ ಇನ್ನೆಷ್ಟು ವರ್ಷ ಉಳಿದಿದೆ ಎಂದು ಕೂತಲ್ಲೇ ಬೆರಳು ಎಣಿಸಿದೆ.