ಪೆಡಲಿನ ಮೇಲೆ ಅಕ್ಕನ ಕಾಲು

ನನ್ನ ಗಂಡನ ಅಕ್ಕ ಮೂಡಲಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ನಾವು ಇರುವುದು ಗೋಕಾಕದಲ್ಲಿ. ಮದುವೆಯಾದ ಹೊಸದರಲ್ಲಿ ಅಕ್ಕನ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ. ಅವರ ಕೈಯ ರೊಟ್ಟಿಯನ್ನು ಇವರು ನನ್ನೆದುರೇ ಹೊಗಳಿದಾಗಲೂ ನಕ್ಕು ಸುಮ್ಮನಾಗಿದ್ದೆ. ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಕಾರಿನ ಬ್ರೇಕ್ ಆಯಿಲ್ ಬದಲಿಸಿದ ಒಂದು ರವಿವಾರ.

ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಬ್ರೇಕ್ ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹಿಂದಿರುವ ಸಣ್ಣ ತಿರುಪನ್ನು ಪಾನಾದಿಂದ ಸಡಿಲಿಸಬೇಕು. ಹಳೆಯ ಆಯಿಲ್ ನಳಿಕೆಯೊಳಗೆ ಹರಿದು ಬಾಟಲಿಗೆ ಬೀಳುತ್ತದೆ. ತಿರುಪು ಬಿಗಿಯಾದ ಮೇಲೆಯೇ ಕಾಲು ಎತ್ತಬೇಕು, ಇಲ್ಲವಾದರೆ ಗಾಳಿ ಒಳಗೆ ಸೇರಿಬಿಡುತ್ತದೆ. ಹುಕ್ಕೇರಿಯಲ್ಲಿ ನಮ್ಮ ಮಾವನವರ ಹತ್ತಿರ ಹಳೆಯ ಜೀಪು ಇತ್ತಂತೆ. ಅಕ್ಕ ತಮ್ಮ ಇಬ್ಬರೂ ಈ ಕೆಲಸ ಕಲಿತದ್ದು ಅಲ್ಲಿಯೇ.

ಅವತ್ತು ಅಕ್ಕ ಮೂಡಲಗಿಯಿಂದ ಬಂದವರೇ ಸೆರಗು ಸಿಕ್ಕಿಸಿಕೊಂಡು ನನ್ನ ಸೀಟಿನಲ್ಲಿ ಕೂತರು. ನನ್ನ ಸೀಟು ಅನ್ನುತ್ತೇನೆ, ಯಾಕೆಂದರೆ ಅರಭಾವಿಯ ಶಾಲೆಗೆ ದಿನಾ ಆ ಕಾರು ಓಡಿಸಿಕೊಂಡು ಹೋಗುವವಳು ನಾನು. ಇವರು ಕೆಳಗೆ ಗೋಣಿಚೀಲ ಹಾಸಿ ಮಲಗಿದರು. ಆಮೇಲೆ ಇಬ್ಬರ ನಡುವೆ ಮಾತೇ ಇಲ್ಲ. ಇವರು ಪಾನಾದಿಂದ ಒಮ್ಮೆ ಟಕ್ ಅನ್ನಿಸಿದರೆ ಅಕ್ಕ ಒತ್ತುತ್ತಿದ್ದರು, ಮತ್ತೊಮ್ಮೆ ಅನ್ನಿಸಿದರೆ ಬಿಡುತ್ತಿದ್ದರು. ನಾನು ಚಹಾ ಹಿಡಿದು ನಿಂತೇ ಇದ್ದೆ. ನಡುವೆ ಯಾಕೋ ಇಬ್ಬರೂ ಒಟ್ಟಿಗೆ ನಕ್ಕರು.

"ಏನಾತ್ರಿ?" ಅಂದೆ.

"ಏನಿಲ್ಲ, ಹಳೇದು ಒಂದು ನೆನಪಾತು" ಅಂದರು ಇವರು ಕಾರಿನ ಕೆಳಗಿನಿಂದ.

ಆ ಹಳೆಯದು ಏನೆಂದು ಯಾರೂ ನನಗೆ ಹೇಳಲಿಲ್ಲ. ಕೈಯಲ್ಲಿದ್ದ ಚಹಾ ಆರಿತು. ಒಂದೇ ಮನೆಯಲ್ಲಿ ಉಂಡು ಮಲಗುವ ನಾನು ಇವರ ಒಂದು ಟಕ್ಕಿನ ಅರ್ಥವನ್ನೂ ತಿಳಿಯದವಳು ಅನ್ನಿಸಿ ಮುಖ ಬಿಸಿಯಾಯಿತು.

ಈ ವರ್ಷ ಊರಿನಿಂದ ಬಂದ ಬೀಗರನ್ನು ಗೋಕಾಕ ಫಾಲ್ಸ್ ತೋರಿಸಲು ಕರೆದೊಯ್ದಿದ್ದೆವು. ಬರುವಾಗ ಇಳಿಜಾರಿನಲ್ಲಿ ನಾನೇ ಓಡಿಸುತ್ತಿದ್ದೆ. ಬ್ರೇಕ್ ಒತ್ತಿ ಒತ್ತಿ ಇಳಿಸುತ್ತಿದ್ದಂತೆ ಪೆಡಲ್ ಮೆತ್ತಗಾಗಿ ಒಳಗೆ ಇಳಿಯತೊಡಗಿತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆದು ಹೇಗೋ ಬದಿಗೆ ನಿಲ್ಲಿಸಿದೆ. ಅರ್ಧ ತಾಸು ಆರಿದ ಮೇಲೆ ಬ್ರೇಕ್ ಮತ್ತೆ ಹಿಡಿಯಿತು. ಮನೆಗೆ ಬಂದು ಇವರು ಬಾನೆಟ್ ಎತ್ತಿ ಡಬ್ಬಿ ನೋಡಿದರು. ಜೇನಿನ ಬಣ್ಣಕ್ಕಿರಬೇಕಾದ ಆಯಿಲ್ ಚಹಾದ ಡಿಕಾಕ್ಷನ್ನಿನಂತೆ ಕಪ್ಪಗಾಗಿತ್ತು.

"ನೀರಿನ ಪಸೆ ಹಿಡದೈತಿ. ಕಾದ್ರ ಒಳಗ ಕುದೀತೈತಿ, ಅದಕ್ಕ ಪೆಡಲ್ ಕೂತೈತಿ. ಬದಲಿ ಮಾಡಬೇಕು. ಅಕ್ಕಗ ಫೋನ್ ಮಾಡ್ತೇನಿ" ಅಂದರು.

"ನಾ ಒತ್ತತೇನಲ್ರಿ. ಅಕ್ಕಾರನ ಯಾಕ ಅಷ್ಟು ದೂರದಿಂದ ಕರಸ್ತೀರಿ?"

ಇವರು ನಕ್ಕರು. "ನಿನಗ ಆಗಂಗಿಲ್ಲ. ಅದಕ್ಕ ರೂಢಿ ಬೇಕು."

ಅಕ್ಕನಿಗೆ ಬರಲು ಆಗಲಿಲ್ಲ. ಗಿರಣಿಯ ಕೆಲಸದವನು ಊರಿಗೆ ಹೋಗಿದ್ದನಂತೆ. ಇವರು ಮುಂದಿನ ರವಿವಾರ ಅಂದರು. ಆ ರವಿವಾರವೂ ಆಗಲಿಲ್ಲ. "ಅಲ್ಲೀತನಕ ನೀ ಬಸ್ಸಿಗೆ ಹೋಗು" ಅಂದರು. ಹೀಗೆ ನಾನು ಅರಭಾವಿಯ ಬಸ್ಸಿನಲ್ಲಿ ಕಾಲೇಜು ಹುಡುಗರ ಬ್ಯಾಗುಗಳ ನಡುವೆ ತೂಗಾಡುತ್ತ ಹೋಗತೊಡಗಿದೆ. ಮನೆಯಲ್ಲಿ ಕಾಲಿದ್ದವಳು ನಾನಿದ್ದೇನೆ, ಆದರೂ ಕಾರು ಅಕ್ಕನ ಕಾಲಿಗಾಗಿ ಕಾಯುತ್ತ ನಿಂತಿದೆ. ಅದನ್ನು ನೆನೆದರೆ ಬಸ್ಸಿನ ಕಂಬಿ ಹಿಡಿದ ಕೈ ಬಿಗಿಯಾಗುತ್ತಿತ್ತು.

ಒಂದು ಶನಿವಾರ ಇವರು ಬೈಕು ಹತ್ತಿ ಕೆಲಸಕ್ಕೆ ಹೋದ ಮೇಲೆ ನಾನು ಕಾರಿನ ಚಾವಿ ತೆಗೆದುಕೊಂಡೆ. ಬಾನೆಟ್ ಎತ್ತಿ ಡಬ್ಬಿಯ ಮುಚ್ಚಳ ಓದಿದೆ, ಆಯಿಲಿನ ದರ್ಜೆ ಡಾಟ್ ಫೋರ್ ಎಂದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಬಿಡಿಭಾಗಗಳ ಅಂಗಡಿಯವರು ಅರ್ಧ ತುಂಬಿದ ಒಂದು ಡಬ್ಬಿ ಮುಂದೆ ಮಾಡಿದರು.

"ಇದನ್ನ ಒಯ್ರಿ ಅಕ್ಕಾರ. ಮೊನ್ನೆ ಒಡದದ್ದು ಐತಿ. ಡಾಟ್ ಥ್ರೀ, ನಡೀತೈತಿ."

"ಬ್ಯಾಡ್ರಿ. ಫೋರ್ ಕೊಡ್ರಿ, ಸೀಲ್ ಇದ್ದದ್ದ ಕೊಡ್ರಿ. ಒಡದಿಟ್ಟದ್ದು ಗಾಳಿಯಾಗಿನ ಪಸೆ ಎಳಕೊಂಡಿರತೈತಿ."

ಹೇಳುವಾಗ ಹೆಮ್ಮೆಯೆನಿಸಿತು. ಅಂಗಡಿಯ ಮೆಟ್ಟಿಲು ಇಳಿಯುವಾಗ ಆ ಮಾತೂ ಅಕ್ಕನದೇ ಎಂದು ನೆನಪಾಯಿತು. ಹಿಂದೊಮ್ಮೆ ಅವರು ಇವರಿಗೆ ಹೇಳಿದ್ದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೆ.

ಅಲ್ಲಿಂದ ಕಾರಿನಲ್ಲೇ ಮೆಲ್ಲಗೆ ಶಾಲೆಗೆ ಹೋದೆ. ಶನಿವಾರದ ಬೆಳಗಿನ ಶಾಲೆ ಮುಗಿಸಿ ಅರಭಾವಿಯಿಂದ ಹಿಂದೆ ತಿರುಗಲಿಲ್ಲ. ಸಪಾಟು ರಸ್ತೆಯಲ್ಲಿ ಎತ್ತಿನ ಗಾಡಿಗಿಂತ ಸ್ವಲ್ಪ ಬೇಗ ಓಡಿಸಿಕೊಂಡು ನೇರ ಮೂಡಲಗಿಗೆ ಹೋದೆ. ಅಕ್ಕನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಕಲಿಸಿಕೊಡಿ ಅನ್ನುವುದು ಮನಸ್ಸಿಗೆ ಬರಲಿಲ್ಲ. ನಿಮ್ಮ ಜಾಗ ನನಗೆ ಬಿಟ್ಟುಕೊಡಿ ಅನ್ನುವುದಷ್ಟೇ ಬಂತು.

ಕರೆಂಟು ಹೋಗಿ ಗಿರಣಿ ನಿಂತಿತ್ತು. ಅಕ್ಕ ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ಬೆಲ್ಟು ಬಿಗಿ ಮಾಡುತ್ತಿದ್ದರು. ನನ್ನ ಕೈಯಲ್ಲಿದ್ದ ಬಾಟಲಿ ನೋಡಿ, "ಅವ ಎಲ್ಲಿ?" ಅಂದರು.

"ಅವರಿಗೆ ಹೇಳಿಲ್ರಿ. ನಾವಿಬ್ಬರ ಮಾಡೋಣು. ಪೆಡಲ್ ನಾ ಒತ್ತತೇನಿ."

ಅವರು ಬೇಡ ಅನ್ನುತ್ತಾರೆಂದು ಕಾದೆ. ಅಕ್ಕ ಕೈ ಒರೆಸಿಕೊಂಡು ಕಾರನ್ನು ಒಂದು ಸುತ್ತು ಹಾಕಿದರು.

"ಖರೆ ಹೇಳ್ಲೇನು? ಸಣ್ಣಾಕಿ ಇದ್ದಾಗಿಂದ ನಾ ಬರೇ ಪೆಡಲ್ ಒತ್ತಿದಾಕಿ. ಪಾನಾ ಕೊಡಪಾ ಅಂದ್ರ ಅಪ್ಪ ತಮ್ಮನ ಕೈಯಾಗ ಕೊಡ್ತಿದ್ದ. 'ನೀ ಮ್ಯಾಲೆ ಕೂಡು, ಲಂಗಾ ಹೊಲಸಾಕ್ಕೈತಿ' ಅಂತಿದ್ದ. ಜೀಪಿನ ಕೆಳಗ ಮಲಗಿ ಅವ ಸೀಟಿ ಹೊಡ್ಯಾಕತ್ತಿದ್ರ ನನಗ ಮೈಯೆಲ್ಲಾ ಉರೀತಿತ್ತು. ಇಂದು ಪಾನಾ ನನಗ."

ಇಷ್ಟು ದಿನ ನಾನು ಕಣ್ಣಿಟ್ಟಿದ್ದ ಜಾಗ ಅವರಿಗೇ ಬೇಡವಾಗಿತ್ತು. ಒಂದು ಕ್ಷಣ ನನಗೆ ಪೆಚ್ಚೆನಿಸಿತು.

ಅಕ್ಕ ಜಾಕ್ ಏರಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಡಬ್ಬಿಯಿಂದ ಎಲ್ಲಕ್ಕೂ ದೂರವಾದ ಹಿಂದಿನ ಎಡಗಡೆಯ ಚಕ್ರದಿಂದ ಶುರು ಮಾಡಿದರು. "ಒತ್ತು, ನಾ ಅನ್ನೂತನಕ ಎತ್ತಬ್ಯಾಡ" ಅಂದಾಗ ಒತ್ತಿದೆ. ತಿರುಪು ಸಡಿಲಾಗುತ್ತಲೇ ಪೆಡಲ್ ನೆಲದವರೆಗೆ ಇಳಿಯಿತು. ಗಾಬರಿಯಾಗಿ ಕಾಲು ಎತ್ತಿಬಿಟ್ಟೆ.

"ಎತ್ತಬ್ಯಾಡ ಅಂದಿದ್ನಲ್ಲ! ಗಾಳಿ ಹೊಕ್ಕಿತು ನೋಡು" ಎಂದು ಕೂಗಿದರು.

ಇವರು ಹೇಳಿದ್ದೇ ಸರಿಯಾಯಿತಲ್ಲ ಎಂದು ಕಣ್ಣು ತುಂಬಿತು. ಅಕ್ಕ ತಿರುಪು ಬಿಗಿ ಮಾಡಿದರು. "ಮತ್ತೊಮ್ಮೆ. ನಾ ಬಿಡು ಅಂದ್ರಷ್ಟ ಬಿಡು" ಅಂದರು. ನಳಿಕೆಯಲ್ಲಿ ಗುಳ್ಳೆಗಳು ನಿಲ್ಲುವವರೆಗೆ ಒತ್ತಿದೆವು. ಮೇಲಿನ ಡಬ್ಬಿ ಬರಿದಾಗದಂತೆ ನಾನು ಆಗಾಗ ಇಳಿದು ಹೊಸ ಆಯಿಲ್ ಸುರಿಯುತ್ತಿದ್ದೆ. ಕಾರಿನ ಬಣ್ಣದ ಮೇಲೆ ಒಂದು ಹನಿ ಬಿತ್ತು. ಬಣ್ಣ ಕಿತ್ತುಬರುತ್ತದೆಂದು ಅಕ್ಕ ತಂಬಿಗೆ ನೀರು ಸುರಿದು ತೊಳೆದರು. ಕೊನೆಯ ಚಕ್ರಕ್ಕೆ ಬರುವಷ್ಟರಲ್ಲಿ ನಮ್ಮಿಬ್ಬರಿಗೂ ಹೊಂದಿಕೆ ಬಂದಿತ್ತು. ಕೆಳಗಿನಿಂದ ಅಕ್ಕ ಸೀಟಿ ಹೊಡೆಯುತ್ತಿದ್ದರು. ನನ್ನ ಕಾಲಿನ ಕೆಳಗೆ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು.

ಸಂಜೆ ನಾನು ಕಾರು ಓಡಿಸಿಕೊಂಡು ಮನೆಗೆ ಬಂದದ್ದನ್ನು ಕಂಡು ಇವರು ಬಾನೆಟ್ ಎತ್ತಿ ನೋಡಿ, ಪೆಡಲ್ ಒತ್ತಿ ನೋಡಿ ಕೇಳಿದರು, "ಯಾರು ಮಾಡಿದ್ರು?"

"ನಾನು, ಅಕ್ಕಾರು."

"ಪಾನಾ ಯಾರ ಹಿಡದಿದ್ರು?"

"ಅಕ್ಕಾರು."

ಇವರ ಮುಖ ಸಣ್ಣದಾಯಿತು. "ನನಗ ಒಂದ ಮಾತು ಹೇಳಬೇಕಾಗಿತ್ತಲಾ" ಎಂದು ಒಳಗೆ ಹೋದರು. ಎರಡು ದಿನ ಕಾರಿನ ಹತ್ತಿರವೂ ಸುಳಿಯಲಿಲ್ಲ. ಅವರಿಗೂ ಉರಿಯುತ್ತಿದೆ ಎಂದು ತಿಳಿದು ನನಗೆ ಹಬ್ಬದ ಊಟ ಮಾಡಿದಂತಾಗಿತ್ತು.

ಮುಂದಿನ ವಾರ ಹುಕ್ಕೇರಿಯಲ್ಲಿ ಮೈದುನನ ಮಗುವಿನ ಹೆಸರಿಡುವ ಕಾರ್ಯಕ್ರಮವಿತ್ತು. ಇವರೇ ಓಡಿಸಿದರು. ಬೇಕಿದ್ದಲ್ಲಿ, ಬೇಡವಾದಲ್ಲಿ ಎಲ್ಲ ಬ್ರೇಕ್ ಹಾಕುತ್ತಿದ್ದರು. ಊರು ಹತ್ತಿರವಾದಾಗ ನನ್ನ ಕಡೆ ನೋಡದೆ "ಚಲೋ ಹಿಡಿತೈತಿ" ಅಂದರು. ಅಷ್ಟೇ.

ಅಕ್ಕ ಮೊದಲೇ ಬಂದಿದ್ದರು. ಇವರು ಕಾರಿನಿಂದ ಇಳಿದವರೇ ಅವರ ಮುಂದೆ ನಿಂತು ಪೆಡಲಿನ ಬಗ್ಗೆ ಕೈ ಆಡಿಸುತ್ತ ಹೇಳತೊಡಗಿದರು. ಕಂಪನಿಯಿಂದ ಬಂದಾಗಲೂ ಇಷ್ಟು ಗಟ್ಟಿ ಇರಲಿಲ್ಲ, ಒಂದು ಗುಳ್ಳೆ ಸುದ್ದಾ ಉಳಿದಿಲ್ಲ ಎಂದು ನಿಲ್ಲಿಸದೆ ಹೊಗಳಿದರು.

ಅಕ್ಕ ನಡುವೆ ತಡೆದು ನನ್ನ ಕಡೆ ಕೈ ಮಾಡಿದರು. "ನನ್ನ ಮುಂದ ಯಾಕ ಹೇಳ್ತಿ? ಒತ್ತಿದಾಕಿ ಅಕಿ. ಅಕಿಗೆ ಹೇಳು."

ಇವರು ತಿರುಗಿ ನೋಡಿ ನಕ್ಕರು. "ಹೌದಲಾ, ಚಲೋ ಮಾಡಿದಿ" ಅಂದರು. ನಾನೂ ನಕ್ಕೆ. ಆದರೆ ಆ ಮಾತು ಅವರಿಗೆ ತಾನಾಗಿ ಹೊಳೆಯಲಿಲ್ಲ, ಅದನ್ನೂ ಅಕ್ಕನೇ ಹೇಳಿಕೊಡಬೇಕಾಯಿತಲ್ಲ ಎಂದು ಹೊಟ್ಟೆಯೊಳಗೆ ಮತ್ತೆ ಚುರುಕ್ಕೆಂದಿತು.