ಡ್ಯೂಟಿಯ ದಿನ ನುಂಗದ ಗುಳಿಗೆ

ನನಗೆ ಶುಗರ್ ಇದೆಯೆಂದು ಗೊತ್ತಾದಾಗ ನಾನು ಬಸ್ ಕಂಡಕ್ಟರ್ ಆಗಿ ಹನ್ನೊಂದು ವರ್ಷವಾಗಿತ್ತು. ನಿಪ್ಪಾಣಿಯಿಂದ ಹೊರಟು ಚಿಕ್ಕೋಡಿ, ಕಬ್ಬೂರ ದಾಟಿ ಮುಗಳಖೋಡಕ್ಕೆ ಹೋಗಿಬರುವ ರೂಟು ನನ್ನದು. ದವಾಖಾನೆಯ ಲೇಡಿ ಡಾಕ್ಟರ್, ನಾವೆಲ್ಲ ಕರೆಯುವ ಡಾಕ್ಟರ್ ಬಾಯಿಯವರು, ಮುಂಜಾನೆ ಒಂದು, ರಾತ್ರಿ ಒಂದು ಗುಳಿಗೆ ಬರೆದುಕೊಟ್ಟರು. ರಾತ್ರಿಯದು ಹೇಗೋ ನಡೆಯಿತು. ಮುಂಜಾನೆಯದನ್ನು ನುಂಗಿದ ತಾಸಿನೊಳಗೆ ಹೊಟ್ಟೆ ಕೆಡುತ್ತಿತ್ತು. ಅಷ್ಟೊತ್ತಿಗೆ ಬಸ್ಸು ಚಿಕ್ಕೋಡಿ ಬಿಟ್ಟಿರುತ್ತಿತ್ತು.

ಡ್ರೈವರ್ ಅವಸರವಾದರೆ ಗಾಡಿ ನಿಲ್ಲಿಸಿ ಕಬ್ಬಿನ ಮರೆಗೆ ಹೋಗಿಬರುತ್ತಿದ್ದ. ತುಂಬಿದ ಬಸ್ಸಿನ ಕಣ್ಣೆದುರು ಇಳಿದು ಹೆಂಗಸಾದ ನಾನು ಎಲ್ಲಿಗೆ ಹೋಗಲಿ? ಒಂದು ದಿನ ಕಂಬ ಹಿಡಿದು, ಹಲ್ಲು ಕಚ್ಚಿ ಮುಗಳಖೋಡ ಮುಟ್ಟಿದೆ. ಸ್ಟ್ಯಾಂಡಿನ ಪಾಯಖಾನೆಗೆ ಬೀಗ. ಕೀಲಿ ಇದ್ದವನು ಚಹಾಕ್ಕೆ ಹೋಗಿದ್ದ. ಅವನು ಬರುವತನಕ ನಾನು ಗೋಡೆಗೆ ಆತು ನಿಂತದ್ದನ್ನು ಇಂದಿಗೂ ನೆನೆಯಲಾರೆ.

ಮರುದಿನದಿಂದ ಡ್ಯೂಟಿಯಿದ್ದಾಗ ಮುಂಜಾನೆಯ ಗುಳಿಗೆ ಬಿಟ್ಟೆ. ರಜೆಯ ದಿನ ಮಾತ್ರ ನುಂಗುತ್ತಿದ್ದೆ. ಯಾರಿಗೂ ಹೇಳಲಿಲ್ಲ.

"ಗುಳಿಗಿ ಬರೋಬರಿ ತಗೋತೀರೇನ್ರಿ?" ಎಂದು ಮುಂದಿನ ಸಲ ರಕ್ತದ ರಿಪೋರ್ಟ್ ನೋಡಿ ಡಾಕ್ಟರ್ ಬಾಯಿ ಕೇಳಿದರು.

"ತಗೋತೀನ್ರಿ" ಎಂದೆ.

ಅವರು ನಂಬಿದರು. ಆದರೂ ಸಕ್ಕರೆ ಏರಿದೆಯಲ್ಲ ಎಂದು ಇನ್ನೂ ಜೋರಿನ ಗುಳಿಗೆ ಬರೆದರು. ಚೀಟಿ ತೆಗೆದುಕೊಂಡು ಎದ್ದು ಬಂದೆ; ಡ್ಯೂಟಿಯ ದಿನ ಅದನ್ನೂ ನುಂಗಲಿಲ್ಲ.

ಸಕ್ಕರೆ ಏರಿದಂತೆ ನೀರಡಿಕೆ ಹೆಚ್ಚಿತು, ಮೂತ್ರವೂ ಹೆಚ್ಚಿತು. ಯಾವುದಕ್ಕೆ ಹೆದರಿ ಗುಳಿಗೆ ಬಿಟ್ಟಿದ್ದೆನೋ ಅದೇ ಬೇರೆ ದಾರಿಯಿಂದ ಬಂದು ಹಿಡಿದುಕೊಂಡಿತು. ಆಗ ನೀರು ಕುಡಿಯುವುದನ್ನೂ ಬಿಟ್ಟೆ. ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಟಿಕೆಟ್ ಮಷಿನ್ನಿನ ಅಕ್ಷರ ಮಸುಕಾಗಿ ಒಂದು ಮುಂಜಾನೆ ಮೂವರಿಗೆ ತಪ್ಪು ಊರಿನ ಟಿಕೆಟ್ ಕೊಟ್ಟೆ.

ಮುಗಳಖೋಡದಲ್ಲಿ ಜನ ಇಳಿದ ಮೇಲೆ ಡ್ರೈವರ್ ಹತ್ತಿರ ಬಂದ.

"ಅಕ್ಕಾರ, ಏನಾಗೈತ್ರಿ ನಿಮಗ?"

"ಏನಿಲ್ಲ ಬಿಡ್ರಿ."

"ಏನಿಲ್ಲ ಅಂದ್ರ ಹೆಂಗ್ರಿ? ನಿಂತಲ್ಲೇ ತೂಗಾಡಾಕತ್ತೀರಿ."

ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದೆ. ಅವನು ಕೈಗಡಿಯಾರ ನೋಡಿಕೊಂಡ. ಆಮೇಲೆ, "ಕಬ್ಬೂರಾಗ ನಮ್ಮ ಅಕ್ಕನ ಮನಿ ರಸ್ತೆದ ಬಾಜೂಕ ಐತ್ರಿ. ಅಲ್ಲಿ ಐದು ಮಿನಿಟ ನಿಲ್ಲಸ್ತೀನಿ" ಎಂದ.

ಮೊದಲ ದಿನ ಆ ಮನೆಯ ಹೊಸ್ತಿಲು ದಾಟುವಾಗ ಹಿಂದಿನಿಂದ ಒಬ್ಬ ಕೂಗಿದ: "ಬಸ್ ಯಾಕ ನಿಂತೈತ್ರಿ?"

"ಇಂಜಿನ್ ಬಿಸಿ ಆಗೈತಿ, ತಡೀರಿ" ಎಂದ ಡ್ರೈವರ್.

ಅದೇ ವಾರ ಡಾಕ್ಟರ್ ಬಾಯಿಗೆ ನಿಜ ಹೇಳಿದೆ. ಅವರು ಬಯ್ಯಲಿಲ್ಲ. "ಮೊದಲ ಹೇಳಿದ್ರ ಡೋಸ್ ಏರಸ್ತಿರಲಿಲ್ಲಲ್ರಿ" ಎಂದು, ಮುಂಜಾನೆಯದನ್ನು ಬಿಡಿಸಿ, ನಿಧಾನ ಕರಗುವ ಗುಳಿಗೆಯನ್ನು ರಾತ್ರಿಯ ಊಟದ ಜೊತೆ ತೆಗೆದುಕೊಳ್ಳಲು ಬರೆದರು. ಹೊಟ್ಟೆ ಬಹುಮಟ್ಟಿಗೆ ತಣ್ಣಗಾಯಿತು. ಮೂರು ತಿಂಗಳಲ್ಲಿ ಸಕ್ಕರೆಯೂ ಇಳಿಯಿತು.

ಈಗ ನನ್ನನ್ನು ಕಾಗವಾಡ, ಅಥಣಿ ಕಡೆಯ ರೂಟಿಗೆ ಹಾಕಿದ್ದಾರೆ. ಗುಳಿಗೆ ಒಂದು ದಿನವೂ ತಪ್ಪಿಸಿಲ್ಲ. ಆದರೂ ಕೆಲವು ಮುಂಜಾನೆ ಹೊಟ್ಟೆ ಹಿಂಡುತ್ತದೆ, ಮುಂದಿನ ಸ್ಟ್ಯಾಂಡು ಇನ್ನೂ ದೂರವಿರುತ್ತದೆ. ಈ ದಾರಿಯಲ್ಲಿ ನನಗೆ ಗುರುತಿನ ಮನೆಯಿಲ್ಲ. ಹೊಸ ಡ್ರೈವರ್ ವಯಸ್ಸಿನಲ್ಲಿ ಹಿರಿಯರು, ಮಾತು ಕಡಿಮೆ. ಅವರಿಗೆ ಇದನ್ನೆಲ್ಲ ಹೇಳಲು ಇನ್ನೂ ಬಾಯಿ ಬಂದಿಲ್ಲ.