ಒಂದೇ ಅವಧಿಯ ಕಾಂಗ್ರೆಸ್‌ಮನ್

ಕಳೆದ ತಿಂಗಳು ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಯಾರೋ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೌತ್ ಕ್ಯಾರೊಲಿನಾದಲ್ಲಿ ನಮ್ಮ ಪಕ್ಕದ ಮನೆಯ ವರಾಂಡ ಕಣ್ಣೆದುರು ಬಂತು. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡುವ ಮುಂಚೆ ಆ ಮನೆಯ ಹಿರಿಯರು ತಮ್ಮ ಕಪ್ಪು ಬೂಟುಗಳನ್ನು ಅಲ್ಲಿ ಕೂತು ತಿಕ್ಕುತ್ತಿದ್ದರು. ಕೋವಿಡ್ ಬಂದು ಚರ್ಚ್ ಮುಚ್ಚಿದ ಮೇಲೂ ಬಿಡಲಿಲ್ಲ.

ಬೀದಿಯವರೆಲ್ಲ ಅವರನ್ನು ‘ಕಾಂಗ್ರೆಸ್‌ಮನ್’ ಎಂದೇ ಕರೆಯುತ್ತಿದ್ದರು. ಮೈಸೂರಿನಲ್ಲಿದ್ದ ಅಮ್ಮನಿಗೆ ಹೇಳಿದಾಗ, “ಅಂದ್ರೆ ನಮ್ಮಲ್ಲಿ ಎಂಪಿ ಇದ್ದ ಹಾಗಾ?” ಎಂದಿದ್ದಳು. ಹೌದು, ಆದರೆ ಬಹಳ ಹಿಂದೆ, ಎರಡೇ ವರ್ಷ. ಮುಂದಿನ ಚುನಾವಣೆಯಲ್ಲಿ ಸೋತು, ಊರಿನ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾದರಂತೆ.

ಕೋವಿಡ್‌ನ ಆ ಬೇಸಿಗೆಯಲ್ಲಿ ಅಮ್ಮ ಹಾಸಿಗೆ ಹಿಡಿದಳು. ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ಇಲ್ಲಿದ್ದು ಕೆಲಸ ಮಾಡಲು ನನಗೆ ಅನುಮತಿಯಿತ್ತು, ಆದರೆ ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುಗಿದಿತ್ತು. ಹೋದರೆ ಹೊಸ ವೀಸಾ ಸಿಗದೆ ವಾಪಸ್ ಬರುವ ಹಾಗಿಲ್ಲ. ವೀಸಾ ಕಚೇರಿಗಳು ಬಾಗಿಲು ಹಾಕಿದ್ದವು. ಗಂಡ, ಮಗಳು, ಮನೆ ಎಲ್ಲ ನಿಂತಿದ್ದುದು ನನ್ನ ಕೆಲಸದ ಮೇಲೆ. ಗೊತ್ತಿದ್ದವರೆಲ್ಲ, ಸ್ವಲ್ಪ ವೇಯ್ಟ್ ಮಾಡು, ಓಪನ್ ಆಗುತ್ತೆ ಎನ್ನುತ್ತಿದ್ದರು.

ಬೇಲಿಯಾಚೆಯಿಂದ ನನ್ನ ಮುಖ ನೋಡಿ ಕಾಂಗ್ರೆಸ್‌ಮನ್ ವಿಷಯ ತಿಳಿದುಕೊಂಡರು. ವಾಷಿಂಗ್ಟನ್ನಿಗೆ ಫೋನ್ ಮಾಡುತ್ತೇನೆಂದರು. ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕಿದ್ದರು. ಆ ಕಡೆಯ ಹುಡುಗಿ ನಿಮ್ಮ ಹೆಸರು ಸ್ಪೆಲ್ ಮಾಡಿ ಎಂದಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಯಾವ ಸಂಸ್ಥೆಯವರು ಎಂದು ಕೇಳಿದಳು. “ರಿಟೈರ್ಡ್ ಮೇಷ್ಟ್ರು” ಎಂದರು... ನಾನು ಬೇರೆ ಕಡೆ ನೋಡಿದೆ.

ಆ ವಾರವೆಲ್ಲ ಯಾರಾರಿಗೋ ಫೋನ್ ಮಾಡಿದರು. ಕೊನೆಗೊಂದು ಮಧ್ಯಾಹ್ನ ಬೇಲಿಯ ಹತ್ತಿರ ಬಂದು ನಿಂತರು.

“ಇದು ಆಗಲ್ಲಮ್ಮ. ನೀನು ಹೋದ್ರೆ ಯಾವಾಗ ವಾಪಸ್ ಬರ್ತೀಯೋ ಯಾರಿಗೂ ಗೊತ್ತಿಲ್ಲ. ಗೊತ್ತು ಅನ್ನೋರನ್ನ ನಂಬಬೇಡ.”

ಅವರು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ನೆನಪಿನಲ್ಲಿ ಉಳಿದಿರುವುದು ಹೀಗೆ. ನನಗೆ ಸಿಟ್ಟು ಬಂತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆದರೆ ಮರುದಿನದಿಂದ ಕಾಯುವುದನ್ನು ಬಿಟ್ಟೆ. ರಜೆ ಹಾಕಿ, ದಿನವೂ ವಿಡಿಯೋ ಕಾಲ್‌ನಲ್ಲಿ ಅಮ್ಮನ ಜೊತೆ ಕೂತೆ. ಅಕ್ಕ ಫೋನ್ ಹಿಡಿದಿರುತ್ತಿದ್ದಳು. ನಾನು ಹುಟ್ಟುವ ಮೊದಲು ಅಮ್ಮ ಒಮ್ಮೆ ಅಪ್ಪನ ಮೇಲೆ ಮುನಿಸಿಕೊಂಡು, ಒಬ್ಬಳೇ ರೈಲು ಹತ್ತಿ ನಂಜನಗೂಡಿಗೆ ಹೋಗಿ, ಹಸಿವಾಯಿತೆಂದು ಸಂಜೆಗೇ ಮರಳಿದ್ದಳಂತೆ. ಆ ಕಥೆ ಕೇಳಿದ್ದು ಆಗಲೇ. ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು. ಚಿತೆಗೆ ಬೆಂಕಿ ಇಡುವುದನ್ನು ಹಿತ್ತಲಲ್ಲಿ ಕೂತು ಫೋನಿನಲ್ಲಿ ನೋಡಿದೆ. ಬೇಲಿಯಾಚೆ ಕಾಂಗ್ರೆಸ್‌ಮನ್ ಕಪ್ಪು ಸೂಟು, ಹೊಳೆಯುವ ಬೂಟು ಹಾಕಿಕೊಂಡು, ಹ್ಯಾಟ್ ತೆಗೆದು, ಎಲ್ಲ ಮುಗಿಯುವ ತನಕ ನಿಂತಿದ್ದರು.

ತಾವು ಸೋತ ಕಥೆ ಹೇಳಿದ್ದು ಆಮೇಲೆ. ಊರಿನ ದೊಡ್ಡ ಬಟ್ಟೆ ಮಿಲ್ ಉಳಿಯುವುದಿಲ್ಲ ಎಂಬುದು ಅವರಿಗೆ ಖಚಿತವಾಗಿತ್ತು. ಚುನಾವಣೆಯ ಸಭೆಯಲ್ಲಿ ಕಾರ್ಮಿಕರ ಎದುರಿಗೇ ಅದನ್ನು ಹೇಳಿ, ಬೇರೆ ಕೆಲಸ ಕಲಿಯಿರಿ ಎಂದರು. ಎದುರಾಳಿ ಮಿಲ್ ಉಳಿಸುತ್ತೇನೆಂದ, ಗೆದ್ದ. ಮಿಲ್ ಮುಚ್ಚಿತು. ಹೇಳಬಾರದಿತ್ತು ಅನಿಸುತ್ತದೆಯೇ ಎಂದು ಕೇಳಿದೆ.

“ಹೇಳಿದ್ದಕ್ಕೆ ಬೇಜಾರಿಲ್ಲ. ಇನ್ನೂ ಸ್ವಲ್ಪ ಮೆತ್ತಗೆ ಹೇಳಬಹುದಿತ್ತು.”

ಹೋದ ವರ್ಷ ಅವರು ತೀರಿಕೊಂಡರು. ಚರ್ಚಿನಲ್ಲಿ ಜನ ಕಡಿಮೆ. ವಾಷಿಂಗ್ಟನ್ನಿನಿಂದ ಯಾರೂ ಬಂದಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿ, ಮಿಲ್ಲಿನಲ್ಲಿ ದುಡಿದವಳಂತೆ, ನನ್ನ ಕಡೆ ಬಾಗಿ, “ಎರಡನೇ ಸಲ ನಾನು ಅವರಿಗೆ ವೋಟ್ ಹಾಕಲಿಲ್ಲ” ಎಂದಳು. ಮುಂದೇನೋ ಹೇಳಲು ಹೊರಟವಳು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು...

ಈಗ ನನ್ನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಕೆಲಸ ಹೋದರೆ ಈ ದೇಶವನ್ನೇ ಬಿಡಬೇಕಾದೀತು. ವಕೀಲರು, ಸ್ನೇಹಿತರು, ಪಕ್ಕದ ಮನೆಗೆ ಬಂದ ಹೊಸಬರು, ಎಲ್ಲರೂ ಏನೂ ಆಗಲ್ಲ ಬಿಡಿ ಎನ್ನುತ್ತಾರೆ. ತಲೆಯಾಡಿಸುತ್ತೇನೆ. ನಿಜ ಹೇಳಿ ಎಂದು ಕೇಳಬಹುದಾಗಿದ್ದವರು ಕಾಂಗ್ರೆಸ್‌ಮನ್ ಒಬ್ಬರೇ.